ಪೋರ್ಷೆ 956: ಗೆಲ್ಲಿಸಿದ್ದು ವೇಗವೋ, ಇಂಧನದ ಲೆಕ್ಕವೋ?

ದೂರದೋಟ

ದೀರ್ಘಾವಧಿ ರೇಸುಗಳ ಮಾತು ಬಂದಾಗಲೆಲ್ಲ ಜರ್ಮನಿಯ ಪೋರ್ಷೆ ಕಂಪನಿಯ ರೇಸ್ ಕಾರು 956ರ ಹೆಸರು ಬಂದೇ ಬರುತ್ತದೆ. ಹೊಗಳುವವರು ಮಾತ್ರ ಬಹುಪಾಲು ಅದರ ವೇಗವನ್ನಷ್ಟೇ ಹೊಗಳಿ ಸುಮ್ಮನಾಗುತ್ತಾರೆ. ಈ ಕಾರು ಮತ್ತು ಇದರಿಂದಲೇ ಹುಟ್ಟಿದ 962 ಸೇರಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸನ್ನು 1982ರಿಂದ 1987ರವರೆಗೆ ಸತತವಾಗಿ ಆರು ಸಲ, 1994ರಲ್ಲಿ ಇನ್ನೊಂದು ಸಲ ಗೆದ್ದಿವೆ. ಬರೀ ವೇಗದ ಬಲದಿಂದ ಇಷ್ಟು ದೀರ್ಘಕಾಲ ಗೆಲ್ಲಲಾಗದು ಎಂಬುದು ನನ್ನ ನಂಬಿಕೆ. ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

1982ರಲ್ಲಿ ಈ ಬಗೆಯ ರೇಸ್ ಕಾರುಗಳಿಗೆಂದು ಜಾರಿಗೆ ಬಂದ ಗ್ರೂಪ್ ಸಿ ಎಂಬ ನಿಯಮಗಳ ಸಾರ ಬಹಳ ಸರಳವಾದದ್ದು. ಎಂಜಿನ್ ಎಷ್ಟೇ ದೊಡ್ಡದಿರಲಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರಲಿ ಬಿಡಲಿ, ಅದು ತಯಾರಕರ ಇಷ್ಟ. ಆದರೆ ಕಾರು ಕನಿಷ್ಠ 800 ಕಿಲೊ ತೂಗಬೇಕು, ಟ್ಯಾಂಕು 100 ಲೀಟರ್ ಮೀರಬಾರದು ಮತ್ತು 1000 ಕಿಲೊಮೀಟರ್ ರೇಸಿನಲ್ಲಿ ಐದು ಸಲಕ್ಕಿಂತ ಹೆಚ್ಚು ಇಂಧನ ತುಂಬಿಸಬಾರದು. ಅಂದರೆ ಆರಂಭದಲ್ಲಿ ತುಂಬಿದ ಟ್ಯಾಂಕೂ ಸೇರಿ ಇಡೀ ರೇಸಿಗೆ ಸಿಗುವುದು 600 ಲೀಟರ್. ಲೆ ಮಾನ್‌ನಲ್ಲಿ 24 ಗಂಟೆಗೆ 2600 ಲೀಟರ್. ಯಾರ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ, ಒಂದು ಲೀಟರಿನಿಂದ ಯಾರು ಹೆಚ್ಚು ದೂರವನ್ನು ಹೆಚ್ಚು ಬೇಗ ಕ್ರಮಿಸುತ್ತಾರೆ ಎಂಬ ಹೊಸ ಪ್ರಶ್ನೆ ಬಂದು ಕೂತಿತು.

956ರ ಮೊದಲ ರೇಸೇ ಇದಕ್ಕೆ ಸಾಕ್ಷಿ. 1982ರ ಮೇ ತಿಂಗಳಲ್ಲಿ ಸಿಲ್ವರ್‌ಸ್ಟೋನ್‌ನ ಆರು ಗಂಟೆಗಳ ರೇಸಿನಲ್ಲಿ ಜಾಕಿ ಇಕ್ಸ್ ಮತ್ತು ಡೆರೆಕ್ ಬೆಲ್ ಓಡಿಸಿದ ಕಾರು ಇಂಧನ ಉಳಿಸಲೆಂದೇ ವೇಗ ತಗ್ಗಿಸಬೇಕಾಯಿತು. ಇಂಧನದ ಮಿತಿಯಿಲ್ಲದ ಹಳೆಯ ಗ್ರೂಪ್ 6 ವರ್ಗದ ಲಾನ್ಸಿಯಾ ಎಲ್‌ಸಿ1 ಗೆದ್ದಿತು, 956 ಎರಡನೆಯ ಸ್ಥಾನಕ್ಕೆ ಬಂತು. ಮುಂದಿನ ತಿಂಗಳು ಲೆ ಮಾನ್‌ನಲ್ಲಿ 1, 2, 3 ಎಂಬ ಸಂಖ್ಯೆ ಹೊತ್ತ ಕಾರ್ಖಾನೆಯ, ಅಂದರೆ ಪೋರ್ಷೆಯ ಸ್ವಂತ ತಂಡದ, ಮೂರು ಕಾರುಗಳು ಅದೇ ಕ್ರಮದಲ್ಲಿ ಮೊದಲ ಮೂರು ಸ್ಥಾನಗಳಿಗೆ ಬಂದವು. ಗೆದ್ದ ಇಕ್ಸ್ ಮತ್ತು ಬೆಲ್ ಜೋಡಿ ಕ್ರಮಿಸಿದ ದೂರ 4899 ಕಿಲೊಮೀಟರ್. ನಡುವಿನ ಕೆಲವೇ ವಾರಗಳಲ್ಲಿ ಕಾರು ಹೆಚ್ಚು ವೇಗದ್ದಾಗಲಿಲ್ಲ, ಅದನ್ನು ಓಡಿಸುವ ಲೆಕ್ಕ ಪಕ್ವವಾಯಿತು ಎಂದೇ ನಾನು ತಿಳಿಯುತ್ತೇನೆ.

ತಳಗಾಳಿ

ಇಂಧನದ ಪಾತ್ರವನ್ನು ಒಪ್ಪುತ್ತೇನೆ. ಆದರೆ ಕಾರಿನ ತಳವನ್ನು ಬಿಟ್ಟು 956ರ ಬಗ್ಗೆ ಮಾತನಾಡಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಅಲ್ಲಿಯವರೆಗೆ ಪೋರ್ಷೆಯ ರೇಸ್ ಕಾರುಗಳಿಗೆ ಕೊಳವೆಗಳನ್ನು ಬೆಸೆದು ಮಾಡಿದ ಹಂದರದ ಚಾಸಿಯೇ (ಕಾರಿನ ಮೂಲ ಚೌಕಟ್ಟು) ಇರುತ್ತಿತ್ತು. ಹಳೆಯ 917 ಹಾಗಿತ್ತು, 936 ಕೂಡ ಹಾಗೇ ಇತ್ತು. ಪೋರ್ಷೆಯ ಎಂಜಿನಿಯರ್ ನಾರ್ಬರ್ಟ್ ಸಿಂಗರ್ ನೇತೃತ್ವದ ತಂಡ 956ಕ್ಕೆ ಮೊದಲ ಬಾರಿಗೆ ಅಲ್ಯೂಮಿನಿಯಂ ಹಾಳೆಗಳ ಮಾನೊಕಾಕ್, ಅಂದರೆ ಹೊರಕವಚವೇ ಭಾರ ಹೊರುವ ಚಾಸಿ, ಮಾಡಿತು. ಚಾಸಿಯ ವಿನ್ಯಾಸ ಹೋರ್ಸ್ಟ್ ರೈಟರ್ ಅವರದು. 1981ರ ಮಧ್ಯದಲ್ಲಿ ಕೆಲಸ ಆರಂಭವಾಗಿ, 1982ರ ಮಾರ್ಚ್ 27ರಂದು ಯೂರ್ಗನ್ ಬಾರ್ಟ್ ಮೊದಲ ಕಾರನ್ನು ವೈಸಾಖ್‌ನಲ್ಲಿರುವ ಪೋರ್ಷೆಯ ಪರೀಕ್ಷಾ ಪಥದಲ್ಲಿ ಓಡಿಸಿದರು. ಒಂದು ವರ್ಷವೂ ಹಿಡಿಯಲಿಲ್ಲ ಎಂಬುದನ್ನು ಗಮನಿಸಿ.

ಕಾರಿನ ತಳದಲ್ಲಿ ಗಾಳಿಯನ್ನು ವೇಗವಾಗಿ ಹರಿಸಿ, ಅಲ್ಲಿ ಒತ್ತಡ ಕುಗ್ಗುವಂತೆ ಮಾಡಿ, ಕಾರು ನೆಲಕ್ಕೆ ಅಂಟಿಕೊಂಡು ಓಡುವಂತೆ ಮಾಡುವ ವಿದ್ಯೆಯನ್ನು ಫಾರ್ಮುಲಾ ಒನ್‌ನಲ್ಲಿ ಲೋಟಸ್ ಆಗಲೇ ತೋರಿಸಿಕೊಟ್ಟಿತ್ತು. ಪೋರ್ಷೆಗೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ನಿಯಮದ್ದು: ಮುಂದಿನ ಚಕ್ರಗಳ ಹಿಂದೆ 100 ಸೆಂಟಿಮೀಟರಿಗೆ 80 ಸೆಂಟಿಮೀಟರ್ ಅಳತೆಯ ಭಾಗ ಸಂಪೂರ್ಣ ಚಪ್ಪಟೆಯಾಗಿರಬೇಕಿತ್ತು. ಎರಡನೆಯದು ಪೋರ್ಷೆ ತಾನೇ ತಂದುಕೊಂಡದ್ದು: ಅದರ ಆರು ಸಿಲಿಂಡರಿನ ಎಂಜಿನ್ ಚಪ್ಪಟೆಯಾಗಿ ಎರಡೂ ಪಕ್ಕಕ್ಕೆ ಮಲಗಿಕೊಂಡಿರುತ್ತದೆ. ವಿ ಆಕಾರದ ಎಂಜಿನ್ ತಳದಲ್ಲಿ ಕಿರಿದಾಗಿರುವುದರಿಂದ ಅದರ ಎರಡೂ ಬದಿಯಲ್ಲಿ ಗಾಳಿಯ ಸುರಂಗಗಳಿಗೆ ಜಾಗ ಸಿಗುತ್ತದೆ. ಇಲ್ಲಿ ಸುರಂಗ ಇರಬೇಕಾದ ಕಡೆಯೇ ಸಿಲಿಂಡರುಗಳಿದ್ದವು.

ಅವರು ಎಂಜಿನನ್ನೂ ಗೇರ್‌ಬಾಕ್ಸನ್ನೂ ಒಟ್ಟಾಗಿ ಹಿಂದಕ್ಕೆ ಹೋದಂತೆ ತುಸು ಮೇಲೇಳುವ ಹಾಗೆ ಓರೆಯಾಗಿ ಕೂರಿಸಿದರು. ಹಾಗೆ ಬಿಡುವಾದ ಜಾಗದಲ್ಲಿ ಸುರಂಗಗಳು ಹಿಂಬದಿಗೆ ಏರುತ್ತಾ ಹೋದವು. ಹಿಂಭಾಗದಲ್ಲಿ ಮಾತ್ರ ಕಾರನ್ನು ನೆಲಕ್ಕೆ ಒತ್ತುವ ಬಲ ಹೆಚ್ಚಾದರೆ ಮೂತಿ ಹಗುರಾಗುತ್ತದೆಯಲ್ಲ? ಅದಕ್ಕೆ ಚಪ್ಪಟೆ ಭಾಗ ಆರಂಭವಾಗುವ ಮುಂಚೆಯೇ, ಮೂತಿಯ ಅಡಿಯಲ್ಲಿ ಮೇಲ್ಮುಖವಾದ ಒಂದು ತಗ್ಗನ್ನು ಕೊಟ್ಟರು. ಕಾರನ್ನು ಎತ್ತಿ ನಿಲ್ಲಿಸಿದಾಗ ಮಾತ್ರ ಕಣ್ಣಿಗೆ ಬೀಳುವ ಈ ತಗ್ಗಿಗೆ ಸಿಂಗರ್ ಅವರ ಹೆಸರೇ ಅಂಟಿಕೊಂಡಿದೆ. ಮುಂದೆ ರೆಕ್ಕೆಯಿಲ್ಲದೆಯೇ ಮುಂದಿನ ಚಕ್ರಗಳನ್ನು ನೆಲಕ್ಕೆ ಒತ್ತುವ ಬಲ ಅದರಿಂದ ದೊರೆಯಿತು. ಇಡೀ ಕಾರಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ: ನಿಯಮದ ಒಂದಕ್ಷರವನ್ನೂ ಮುರಿಯದೆ ನಿಯಮ ಮಾತನಾಡದ ಜಾಗವನ್ನು ಬಳಸಿಕೊಂಡ ಎಂಜಿನಿಯರಿಂಗ್ ಅದು.

ಆರುಸಿಲಿಂಡರ್

ತಳಗಾಳಿ ಅವರ ವಿವರಣೆ ಸೊಗಸಾಗಿದೆ. ಅದಕ್ಕೆ ಎಂಜಿನ್ನಿನ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ. ಆ ಎಂಜಿನನ್ನು ಲೆ ಮಾನ್‌ಗೆಂದು ಮಾಡಿರಲಿಲ್ಲ. ಪೋರ್ಷೆ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿಗೆ 1980ರಲ್ಲಿ ಸಿದ್ಧತೆ ನಡೆಸಿತ್ತು. ಟರ್ಬೊ ಒತ್ತಡದ ಮಿತಿಯನ್ನು ಅಲ್ಲಿನ ಆಡಳಿತ ಸಂಸ್ಥೆ ಇಳಿಸಿದ್ದರಿಂದ ಆ ಯೋಜನೆ ಅಲ್ಲಿಗೇ ನಿಂತಿತು. ಅದೇ ಎಂಜಿನನ್ನು 2.65 ಲೀಟರಿನ ರೂಪದಲ್ಲಿ 936 ಕಾರಿಗೆ ಹಾಕಿ 1981ರ ಲೆ ಮಾನ್ ಗೆದ್ದರು. ಮರುವರ್ಷ ಅದು 956ಕ್ಕೆ ಬಂತು. ಎರಡು ಟರ್ಬೊ, ಸುಮಾರು 620 ಅಶ್ವಶಕ್ತಿ. ಸಿಲಿಂಡರುಗಳಿಗೆ ಮೇಲಿರುವ ದೊಡ್ಡ ಫ್ಯಾನಿನ ಗಾಳಿ, ಅವುಗಳ ತುದಿಗೆ ಮುಚ್ಚಳದಂತಿರುವ ನಾಲ್ಕು ಕವಾಟಗಳ ಹೆಡ್‌ಗಳಿಗೆ ನೀರು, ಹೀಗೆ ತಂಪು ಮಾಡುವ ಏರ್ಪಾಟೂ ಇಬ್ಬಗೆಯದು. ಹೆಡ್‌ಗಳನ್ನು ಸಿಲಿಂಡರುಗಳಿಗೆ ಬೆಸೆದೇ ಬಿಟ್ಟಿದ್ದರು, ಆದ್ದರಿಂದ ಅವುಗಳ ನಡುವಿನ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಯಿತೆಂಬ ಮಾತೇ ಇಲ್ಲ. ಇಡೀ ರಾತ್ರಿ ಓಡಬೇಕಾದ ಟರ್ಬೊ ಎಂಜಿನ್ನಿನಲ್ಲಿ ಅದು ಎಂಥ ನೆಮ್ಮದಿ ಎಂದು ಎಂಜಿನ್ ಬಿಚ್ಚಿ ಜೋಡಿಸಿದವರಿಗೆ ಹೇಳಬೇಕಾಗಿಲ್ಲ.

ಇಂಧನದ ವಿಷಯಕ್ಕೆ ಬಂದರೆ, ಟರ್ಬೊ ಒತ್ತಡವನ್ನು ಹೆಚ್ಚಿಸುವ ಮತ್ತು ತಗ್ಗಿಸುವ ತಿರುಪು ಚಾಲಕನ ಕೈಗೆಟುಕುವಲ್ಲೇ ಇತ್ತು. ಅದನ್ನು ಯಾವಾಗ ಎಷ್ಟು ತಿರುಗಿಸಬೇಕೆಂಬ ವಿವೇಕವೇ ರೇಸಿನ ಫಲಿತಾಂಶ ನಿರ್ಧರಿಸುತ್ತಿತ್ತು. 1983ರಿಂದ ಕಾರ್ಖಾನೆಯ ಕಾರುಗಳಿಗೆ ಬಾಷ್ ಮೋಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು; ಇಂಧನ ಸಿಂಪಡಣೆ ಮತ್ತು ಕಿಡಿಯ ಸಮಯ ಎರಡನ್ನೂ ಅದೇ ನಿಯಂತ್ರಿಸತೊಡಗಿತು. ದೂರದೋಟ ಅವರು ಹೇಳುವ ಇಂಧನದ ಲೆಕ್ಕ ಕಾಗದದಿಂದ ಕಾರಿನೊಳಗೆ ಬಂದದ್ದು ಆಗ.

ಎದುರಾಳಿ

ಒಂದು ಆಕ್ಷೇಪಣೆಯನ್ನು ಗೌರವಪೂರ್ವಕವಾಗಿ ಮುಂದಿಡುತ್ತೇನೆ. 956 ಗೆದ್ದದ್ದು ನಿಜ, ಆದರೆ ಯಾರ ವಿರುದ್ಧ? ಫೋರ್ಡ್ ತನ್ನ ಸಿ100 ಯೋಜನೆಯನ್ನು 1983ರ ಆರಂಭದಲ್ಲೇ ಕೈಬಿಟ್ಟಿತು. ಫೆರಾರಿ ಎಂಜಿನ್ನಿನ ಲಾನ್ಸಿಯಾ ಎಲ್‌ಸಿ2 ಅರ್ಹತಾ ಸುತ್ತುಗಳಲ್ಲಿ ಹಲವು ಸಲ 956ಕ್ಕಿಂತ ವೇಗವಾಗಿತ್ತು, ರೇಸಿನಲ್ಲಿ ಮಾತ್ರ ಬಾಳಿಕೆ ಬರುತ್ತಿರಲಿಲ್ಲ. 1983ರ ಲೆ ಮಾನ್‌ನಲ್ಲಿ ಮೊದಲ ಹತ್ತು ಸ್ಥಾನಗಳ ಪೈಕಿ ಒಂಬತ್ತು 956ಗಳಿಗೇ ಸಿಕ್ಕವು. ಒಂಬತ್ತನೆಯ ಸ್ಥಾನದಲ್ಲಿ ಮಾತ್ರ ಒಂದು ಸೌಬರ್ ಇತ್ತು. ಯಾರೂ ಪರಿಪೂರ್ಣರಲ್ಲ ಎಂಬ ಅರ್ಥದ ಸಾಲಿನೊಂದಿಗೆ ಪೋರ್ಷೆ ಆ ಪಟ್ಟಿಯನ್ನೇ ಜಾಹೀರಾತಾಗಿಸಿತು. ಒಂದೇ ಕಾರಿನ ಒಂಬತ್ತು ಪ್ರತಿಗಳು ಮುಂದಿರುವ ರೇಸನ್ನು ಪೈಪೋಟಿ ಎನ್ನುವುದು ಹೇಗೆ?

ದೂರದೋಟ

ಎದುರಾಳಿ ಅವರೇ, ನೀವು ಎತ್ತಿದ ಅದೇ 1983ರ ರೇಸಿನ ಕೊನೆಯ ಗಂಟೆಯನ್ನು ನೋಡೋಣ. ಅಲ್ ಹೋಲ್ಬರ್ಟ್, ಹರ್ಲಿ ಹೇವುಡ್ ಮತ್ತು ವರ್ನ್ ಶುಪ್ಪನ್ ಅವರ ಕಾರು ಮುಂದಿತ್ತು. ಅದರ ಎಡಬಾಗಿಲು ಓಟದಲ್ಲೇ ಕಿತ್ತುಹೋಗಿ, ಬದಲಿ ಬಾಗಿಲು ಹಾಕಿದ್ದರು. ಆ ಬದಿಯ ರೇಡಿಯೇಟರಿಗೆ ಹೋಗಬೇಕಾದ ಗಾಳಿಯ ಹರಿವು ಕೆಟ್ಟು, ಎಡಭಾಗದ ಸಿಲಿಂಡರ್ ಹೆಡ್‌ಗಳು ಕಾಯತೊಡಗಿದವು. ಹಿಂದಿನಿಂದ ಡೆರೆಕ್ ಬೆಲ್ ಪ್ರತಿ ಸುತ್ತಿನಲ್ಲೂ ಅಂತರ ತಗ್ಗಿಸುತ್ತಾ ಬರುತ್ತಿದ್ದರು, ಅವರ ಕಾರಿನ ಬ್ರೇಕ್ ಡಿಸ್ಕುಗಳೂ ಬಿರುಕು ಬಿಟ್ಟಿದ್ದವು. ಕೊನೆಯ ಸುತ್ತಿನಲ್ಲಿ ಹೋಲ್ಬರ್ಟ್ ಅವರ ಎಂಜಿನ್ ಕಚ್ಚಿಕೊಂಡು ನಿಂತೇಬಿಡುವ ಸ್ಥಿತಿಗೆ ಬಂದು ಮತ್ತೆ ತಿರುಗಿತು. ಹೊಗೆ ಕಾರುತ್ತಲೇ ಕಾರು ಗೆರೆ ದಾಟಿತು. 24 ಗಂಟೆಗಳ ಕೊನೆಗೆ ಎರಡು ಕಾರುಗಳ ನಡುವೆ ಉಳಿದಿದ್ದ ಅಂತರ ಸುಮಾರು ಒಂದು ನಿಮಿಷ. ಎರಡೂ ಒಂದೇ ಕಾರ್ಖಾನೆಯ ಕಾರುಗಳೆಂಬ ಕಾರಣಕ್ಕೆ ಇದು ಪೈಪೋಟಿಯಲ್ಲ ಎನ್ನಲು ನನ್ನಿಂದಾಗದು.

ಖಾಸಗಿತಂಡ

ಎದುರಾಳಿ ಅವರ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಪೋರ್ಷೆಯ ಮಾರಾಟ ವಿಭಾಗದಲ್ಲಿ. ಅವರು ಈ ಕಾರನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1983ರಿಂದ ಯೋಸ್ಟ್, ಕ್ರೆಮರ್, ಬ್ರುನ್, ಫಿಟ್ಜ್‌ಪ್ಯಾಟ್ರಿಕ್, ರಿಚರ್ಡ್ ಲಾಯ್ಡ್ ಮುಂತಾದ ಖಾಸಗಿ ತಂಡಗಳಿಗೆ ಮಾರಿದರು. ಆ ವರ್ಷದ ಮೊದಲ ರೇಸಿನಲ್ಲೇ, ಮೋನ್ಜಾದಲ್ಲಿ, ಯೋಸ್ಟ್ ತಂಡದ ಬಾಬ್ ವೊಲೆಕ್ ಮತ್ತು ತಿಯೆರಿ ಬೂಟ್ಸೆನ್ ಕಾರ್ಖಾನೆಯ ತಂಡವನ್ನು ಸೋಲಿಸಿದರು. ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಜಾನ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಡೆರೆಕ್ ವಾರ್ವಿಕ್ ಅದನ್ನೇ ಮಾಡಿದರು. ತಾನು ಮಾರಿದ ಕಾರಿನಿಂದಲೇ ತಾನು ಸೋಲಬಹುದೆಂದು ತಿಳಿದೂ ಮಾರುವ ಕಾರ್ಖಾನೆಗಳು ಎಷ್ಟಿವೆ? ಎದುರಾಳಿಗಳು ಇರಲಿಲ್ಲ ಎನ್ನುವುದಕ್ಕಿಂತ ಪೋರ್ಷೆ ತನ್ನ ಎದುರಾಳಿಗಳನ್ನು ತಾನೇ ತಯಾರಿಸಿತು ಎನ್ನುವುದು ಹೆಚ್ಚು ಸರಿ.

ಎಲ್ಲಕ್ಕಿಂತ ಮುಖ್ಯವಾದ ಸಾಕ್ಷ್ಯ ಯೋಸ್ಟ್ ತಂಡದ, 117 ಸಂಖ್ಯೆಯ ಚಾಸಿಯ 956. 1984ಕ್ಕೆ ಇಂಧನದ ಮಿತಿಯನ್ನು ಶೇ 15ರಷ್ಟು ಕಡಿತಗೊಳಿಸುವುದಾಗಿ ಘೋಷಿಸಿದ್ದ ಅಂತರರಾಷ್ಟ್ರೀಯ ಸಂಸ್ಥೆ, ಕೊನೆಗಳಿಗೆಯಲ್ಲಿ ಅದನ್ನು ಮುಂದೂಡಿತು. ಕಡಿತವನ್ನು ನಂಬಿ ಮೋಟ್ರಾನಿಕ್‌ಗೆ ಹಣ ಸುರಿದಿದ್ದ ಪೋರ್ಷೆ, ಪ್ರತಿಭಟನೆಯಾಗಿ ಆ ವರ್ಷದ ಲೆ ಮಾನ್‌ಗೆ ತನ್ನ ತಂಡವನ್ನು ಕಳಿಸಲಿಲ್ಲ. ಯೋಸ್ಟ್ ತಂಡದ ಆನ್ರಿ ಪೆಸ್ಕರೊಲೊ ಮತ್ತು ಕ್ಲಾಸ್ ಲುಡ್ವಿಗ್ 117ರಲ್ಲಿ ಗೆದ್ದರು. ಕಾರ್ಖಾನೆ ಇರಲಿಲ್ಲವೆಂದೇ ಗೆದ್ದರು ಎಂದು ಆಗ ಯಾರಾದರೂ ಹೇಳಬಹುದಿತ್ತು. ಆದರೆ 1985ರಲ್ಲಿ ಕಡಿತ ನಿಜವಾಗಿಯೂ ಜಾರಿಯಾಗಿ ಲೆ ಮಾನ್‌ಗೆ 2210 ಲೀಟರ್ ಮಾತ್ರ ಸಿಕ್ಕಿತು. ಕಾರ್ಖಾನೆ ಹೊಸ 962ಸಿ ಕಾರುಗಳೊಂದಿಗೆ ಮರಳಿ ಬಂತು, ಹಾನ್ಸ್ ಸ್ಟುಕ್ ಅರ್ಹತಾ ಸುತ್ತನ್ನು 3 ನಿಮಿಷ 14.8 ಸೆಕೆಂಡಿನಲ್ಲಿ ಮುಗಿಸಿದರು. ಆದರೂ ರೇಸಿನಲ್ಲಿ ಅದೇ ಹಳೆಯ 117 ಮತ್ತೆ ಗೆದ್ದಿತು. ಈ ಸಲ ಲುಡ್ವಿಗ್ ಜೊತೆ ಪಾವ್ಲೊ ಬರಿಲ್ಲಾ ಮತ್ತು ಜಾನ್ ವಿಂಟರ್ ಎಂಬ ಹೆಸರಿನಲ್ಲಿ ಓಡಿಸುತ್ತಿದ್ದ ಚಾಲಕ ಇದ್ದರು. ಎರಡನೆಯ ಸ್ಥಾನ ರಿಚರ್ಡ್ ಲಾಯ್ಡ್ ತಂಡದ 956ಕ್ಕೆ, ಕಾರ್ಖಾನೆಗೆ ಮೂರನೆಯದು.

ಆರಂಭದ ಗಂಟೆಗಳಲ್ಲಿ ಈ ಎರಡು ಖಾಸಗಿ ಕಾರುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು, ಸರದಿಯ ಮೇಲೆ ಮುಂದೆ ಹೋಗಿ ಗಾಳಿಯನ್ನು ಸೀಳುತ್ತಾ ಓಡಿದವು. ಹಿಂದಿರುವ ಕಾರು ಕಡಿಮೆ ಇಂಧನ ಸುಡುತ್ತದೆ, ಆಮೇಲೆ ಸ್ಥಾನ ಬದಲು. ಗಾಳಿಯ ತಡೆ ಹೆಚ್ಚಾಗಿರುವ ಉದ್ದನೆಯ ನೇರ ರಸ್ತೆಗಳಲ್ಲಿ ಈ ಉಳಿತಾಯ ಸಣ್ಣದಲ್ಲ. ಅತಿ ವೇಗದ ಕಾರು ಯಾವುದು ಎಂಬುದಕ್ಕೆ ಆ ವರ್ಷ ಸ್ಟುಕ್ ಅವರ ಸುತ್ತು ಉತ್ತರ ಕೊಟ್ಟಿತ್ತು, ಆದರೆ ಗೆದ್ದವರು ಬೇರೆ. ದೂರದೋಟ ಅವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಕಾಲ್ಬೆರಳು

ಗೆಲುವುಗಳ ಪಟ್ಟಿಯ ನಡುವೆ ಒಂದು ವಿಷಯ ಮರೆಯಾಗುತ್ತಿದೆ, ಅದನ್ನು ಹೇಳದಿದ್ದರೆ ಈ ಚರ್ಚೆ ಅಪೂರ್ಣ. 956ರಲ್ಲಿ ಚಾಲಕನ ಪಾದಗಳು ಮುಂದಿನ ಚಕ್ರಗಳ ಅಚ್ಚಿಗಿಂತಲೂ ಮುಂದೆ ಇರುತ್ತಿದ್ದವು. ಎದುರಿನಿಂದ ಪೆಟ್ಟು ಬಿದ್ದರೆ ಕಾಲುಗಳಿಗೂ ತಡೆಗೋಡೆಗೂ ನಡುವೆ ತೆಳುವಾದ ಅಲ್ಯೂಮಿನಿಯಂ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಮೆರಿಕದಲ್ಲಿ ರೇಸುಗಳನ್ನು ನಡೆಸುವ ಇಮ್ಸಾ ಸಂಸ್ಥೆ ಇದನ್ನು ಒಪ್ಪಲಿಲ್ಲ. ಆದ್ದರಿಂದಲೇ ಮುಂದಿನ ಚಕ್ರಗಳನ್ನು 12 ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಚಕ್ರಾಂತರವನ್ನು 2650ರಿಂದ 2770 ಮಿಲಿಮೀಟರಿಗೆ ಹೆಚ್ಚಿಸಿ 962 ಮಾಡಬೇಕಾಯಿತು. 1984ರ ಡೇಟೋನಾ 24 ಗಂಟೆಗಳ ರೇಸಿನಲ್ಲಿ ಆಂಡ್ರೆಟ್ಟಿ ತಂದೆ ಮಗ ಅದನ್ನು ಮೊದಲು ಓಡಿಸಿದರು.

ಇಲ್ಲಿ ಸ್ಟೆಫಾನ್ ಬೆಲ್ಲೊಫ್ ಅವರನ್ನು ನೆನೆಯಲೇಬೇಕು. 1983ರ ಮೇ 28ರಂದು ನ್ಯೂರ್‌ಬರ್ಗ್‌ರಿಂಗ್‌ನ ಹಳೆಯ ಉತ್ತರ ಪಥದಲ್ಲಿ ಅವರು 956ರಲ್ಲಿ 6 ನಿಮಿಷ 11.13 ಸೆಕೆಂಡಿನ ಸುತ್ತು ಹಾಕಿದರು. ಸರಾಸರಿ ವೇಗ ಗಂಟೆಗೆ 200 ಕಿಲೊಮೀಟರಿಗೂ ಹೆಚ್ಚು. ಕಾರ್ಖಾನೆಯ ಇನ್ನೊಂದು 956ರಲ್ಲಿದ್ದ ಅನುಭವಿ ಯೋಖೆನ್ ಮಾಸ್ ಐದು ಸೆಕೆಂಡಿಗೂ ಹೆಚ್ಚು ಹಿಂದಿದ್ದರು. 2018ರಲ್ಲಿ ಟಿಮೊ ಬರ್ನ್‌ಹಾರ್ಡ್ 919 ಹೈಬ್ರಿಡ್ ಇವೊದಲ್ಲಿ 5 ನಿಮಿಷ 19.546 ಸೆಕೆಂಡಿಗೆ ಇಳಿಸುವವರೆಗೆ ಆ ದಾಖಲೆ ನಿಂತಿತ್ತು. 1983ರ ಆ ರೇಸಿನಲ್ಲೇ ಮುನ್ನಡೆಯಲ್ಲಿದ್ದಾಗ ಫ್ಲಾಂಟ್ಸ್‌ಗಾರ್ಟನ್ ಬಳಿ ಬೆಲ್ಲೊಫ್ ಅವರ ಕಾರು ನೆಲಬಿಟ್ಟು ಅಪ್ಪಳಿಸಿತು, ಅವರು ನಡೆದು ಬಂದರು. 1984ರಲ್ಲಿ ವಿಶ್ವ ಚಾಂಪಿಯನ್ ಆದರು. 1985ರ ಸೆಪ್ಟೆಂಬರ್ 1ರಂದು ಸ್ಪಾದಲ್ಲಿ, ಬ್ರುನ್ ತಂಡದ 956ರಲ್ಲಿ, ಓ ರೂಜ್ ತಿರುವಿನಲ್ಲಿ ಇಕ್ಸ್ ಅವರನ್ನು ಹಿಂದಿಕ್ಕಲು ಹೋಗಿ ಎರಡೂ ಕಾರುಗಳು ತಾಗಿದವು. ಬೆಲ್ಲೊಫ್ ಅವರ ಕಾರು ನೇರ ತಡೆಗೋಡೆಗೆ ಹೊಡೆಯಿತು. ಅವರಿಗೆ 27 ವರ್ಷ. ಮೂರು ವಾರಗಳ ಹಿಂದಷ್ಟೇ ಮಾಸ್ಪೋರ್ಟ್‌ನಲ್ಲಿ ಮನ್‌ಫ್ರೆಡ್ ವಿಂಕೆಲ್‌ಹಾಕ್, ಮರುವರ್ಷ ಲೆ ಮಾನ್‌ನಲ್ಲಿ ಯೋ ಗಾರ್ಟ್ನರ್ ತೀರಿಕೊಂಡರು. ಅವರಿಬ್ಬರೂ ಓಡಿಸುತ್ತಿದ್ದುದು 962ಸಿ. ಆದ್ದರಿಂದ 12 ಸೆಂಟಿಮೀಟರಿನಿಂದ ಎಲ್ಲವೂ ಸರಿಯಾಯಿತೆಂದು ನಾನು ಹೇಳಲಾರೆ. ಈ ಕಾರಿನ ವಿನ್ಯಾಸವನ್ನು ಮೆಚ್ಚುವಾಗ ಆ ಅಲ್ಯೂಮಿನಿಯಂ ಹಾಳೆಯ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಳಗಾಳಿ

ಕಾಲ್ಬೆರಳು ಅವರು ಹೇಳಿದ್ದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಲಾಯ್ಡ್ ತಂಡ ನೈಜೆಲ್ ಸ್ಟ್ರೌಡ್ ಅವರಿಂದ ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಬಳಸಿ ತನ್ನದೇ ಚಾಸಿ ಮಾಡಿಸಿಕೊಂಡದ್ದಕ್ಕೂ ಮೂಲ ಚಾಸಿ ಸಾಕಷ್ಟು ಗಟ್ಟಿಯಿರಲಿಲ್ಲ ಎಂಬುದೇ ಕಾರಣ. 1985ರಲ್ಲಿ ಜಾಗ್ವಾರ್ ಕಾರ್ಬನ್ ಫೈಬರ್ ಚಾಸಿಯ ಎಕ್ಸ್‌ಜೆಆರ್-6 ತಂದಾಗ ಪೋರ್ಷೆಯ ವಿನ್ಯಾಸಕ್ಕೆ ವಯಸ್ಸಾಗಿದ್ದು ಎದ್ದು ಕಂಡಿತು. ಟೋನಿ ಸೌತ್‌ಗೇಟ್ ಅವರ ಆ ಕಾರಿನಲ್ಲಿ ವಿ12 ಎಂಜಿನ್ ಇತ್ತು, ಸುರಂಗಗಳಿಗೆ ಧಾರಾಳವಾದ ಜಾಗವಿತ್ತು. ನಾನು ಮೊದಲು ಹೇಳಿದ ಅಡ್ಡಿಯನ್ನು ಓರೆ ಎಂಜಿನ್ ಸ್ವಲ್ಪ ಕಾಲ ದಾಟಿಸಿತೇ ಹೊರತು ಶಾಶ್ವತವಾಗಿ ನಿವಾರಿಸಲಿಲ್ಲ. 1987ರ ವಿಶ್ವ ಚಾಂಪಿಯನ್‌ಶಿಪ್‌ನ ಹತ್ತು ರೇಸುಗಳಲ್ಲಿ ಎಂಟನ್ನು ಜಾಗ್ವಾರ್ ಗೆದ್ದುಕೊಂಡಿತು.

ಆರುಸಿಲಿಂಡರ್

ಆದರೆ ಅದೇ 1987ರ ಲೆ ಮಾನ್ ಜಾಗ್ವಾರ್‌ಗೆ ದಕ್ಕಲಿಲ್ಲ. ಇಂಧನದ ಗುಣಮಟ್ಟದ ತೊಂದರೆಯಿಂದ ಆರಂಭದಲ್ಲೇ ಹಲವು ಪೋರ್ಷೆ ಎಂಜಿನುಗಳು ಸುಟ್ಟುಹೋದವು. ಕಾರ್ಖಾನೆಗೆ ಉಳಿದದ್ದು ಒಂದೇ ಕಾರು. ಸ್ಟುಕ್, ಬೆಲ್ ಮತ್ತು ಹೋಲ್ಬರ್ಟ್ ಅದನ್ನು ಗೆಲುವಿನವರೆಗೆ ತಂದರು. 1988ರಲ್ಲಿ ಅದೃಷ್ಟ ತಿರುಗಿತು. ಕ್ಲಾಸ್ ಲುಡ್ವಿಗ್ ಇಂಧನ ತುಂಬಿಸಲು ಬರುವುದು ತಡವಾಗಿ, ಬತ್ತಿದ ಟ್ಯಾಂಕಿನೊಂದಿಗೆ ತೆವಳುತ್ತಾ ಪಿಟ್ ಸೇರಬೇಕಾಯಿತು. ಕೊನೆಗೆ ಜಾಗ್ವಾರ್ ಮತ್ತು 962ಸಿ ಒಂದೇ ಸುತ್ತಿನಲ್ಲಿದ್ದವು. ಆ ಒಂದು ತಪ್ಪು ಲೆಕ್ಕ ಇಲ್ಲದಿದ್ದರೆ ಸತತ ಏಳನೆಯ ಗೆಲುವು ಕೈಗೆ ಸಿಗುತ್ತಿತ್ತೆಂದು ನಾನು ನಂಬುತ್ತೇನೆ.

ಇನ್ನೊಂದು ಮಾತು. ಇಂದು ರಸ್ತೆಯ ಕಾರುಗಳಲ್ಲಿ ಸಾಮಾನ್ಯವಾಗಿರುವ ಎರಡು ಕ್ಲಚ್‌ಗಳ ಗೇರ್‌ಬಾಕ್ಸನ್ನು ಪೋರ್ಷೆ ಈ ಕಾರುಗಳಲ್ಲೇ ಪಳಗಿಸಿತು. 1986ರಲ್ಲಿ ಮೋನ್ಜಾದಲ್ಲಿ ಸ್ಟುಕ್ ಮತ್ತು ಬೆಲ್ ಆ ಗೇರ್‌ಬಾಕ್ಸ್ ಇದ್ದ 962ರಲ್ಲಿ ಗೆದ್ದರು. ಅದು ಭಾರವಾಗಿತ್ತು, ಆಗಾಗ ಕೈಕೊಡುತ್ತಿತ್ತು. ಆದರೂ ಅವರು ಬಿಡದೆ ಓಡಿಸಿದ್ದನ್ನು ನಾನು ಮೆಚ್ಚುತ್ತೇನೆ.

ಎದುರಾಳಿ

ಖಾಸಗಿತಂಡ ಅವರ ಉತ್ತರ ನನಗೆ ಹಿಡಿಸಿತು. 117ರ ಎರಡನೆಯ ಗೆಲುವಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೆ 1994ರ ಗೆಲುವನ್ನು ಈ ಲೆಕ್ಕಕ್ಕೆ ಸೇರಿಸುವುದು ಸರಿಯೇ? ಅದು ಡೌವರ್ 962 ಎಂಬ ಹೆಸರಿನಲ್ಲಿ ರಸ್ತೆಯ ಕಾರೆಂದು ನೋಂದಾಯಿಸಿದ ಕಾರು. ರೇಸಿಗೆಂದೇ ಮಾಡಿದ ಪ್ರೊಟೊಟೈಪ್ ಕಾರುಗಳ ವರ್ಗದಲ್ಲಿ ಅದು ಓಡಲೇ ಇಲ್ಲ.

ದೂರದೋಟ

ನಾನು ಸೇರಿಸುತ್ತೇನೆ. ವರ್ಗ ಬದಲಾದದ್ದು ನಿಜ, ತಳವನ್ನು ಚಪ್ಪಟೆ ಮಾಡಬೇಕಾದದ್ದೂ ಟೈರುಗಳು ಕಿರಿದಾದದ್ದೂ ನಿಜ. ಆದರೆ ಆ ಯೋಜನೆಯ ಹಿಂದೆ ಇದ್ದವರು ಅದೇ ನಾರ್ಬರ್ಟ್ ಸಿಂಗರ್. ಪ್ರೊಟೊಟೈಪುಗಳಿಗೆ 80 ಲೀಟರಿನ ಟ್ಯಾಂಕು, ರಸ್ತೆಯ ಕಾರುಗಳೆಂದು ಓಡುವ ಜಿಟಿ1 ವರ್ಗದ ಕಾರುಗಳಿಗೆ 120 ಲೀಟರಿನದು ಎಂದು ನಿಯಮವಿತ್ತು. ಅಂದರೆ ಡೌವರ್ ಕಾರುಗಳು ಒಂದು ತುಂಬಿಗೆ ಹೆಚ್ಚು ಸುತ್ತು ಓಡಿ, ಪಿಟ್‌ಗೆ ಕಡಿಮೆ ಸಲ ಬರಬಹುದಿತ್ತು. ಹೆಚ್ಚು ವೇಗವಿದ್ದ ಟೊಯೋಟಾ 94ಸಿ-ವಿ ರೇಸಿನ ಕೊನೆಯ ಭಾಗದವರೆಗೂ ಮುಂದಿದ್ದು, ಗೇರ್ ಜೋಡಣೆಯ ಒಂದು ಭಾಗ ಮುರಿದು ಹಿಂದೆ ಬಿತ್ತು. ಆಗ ಮುಂದೆ ಬರಲು ಡೌವರ್ ಅಷ್ಟು ಹತ್ತಿರದಲ್ಲಿ ಇದ್ದುದಕ್ಕೆ ಆ ಟ್ಯಾಂಕೂ ಕಾರಣ. ಯಾನಿಕ್ ಡಾಲ್ಮಾ, ಮೌರೊ ಬಾಲ್ಡಿ ಮತ್ತು ಹರ್ಲಿ ಹೇವುಡ್ ಗೆದ್ದರು. 1983ರಲ್ಲಿ ಬಾಗಿಲು ಕಳೆದುಕೊಂಡ ಕಾರಿನ ಚಾಲಕರಲ್ಲಿ ಒಬ್ಬರಾಗಿದ್ದ ಹೇವುಡ್ ಅವರಿಗೆ ಅದು ಲೆ ಮಾನ್‌ನಲ್ಲಿ ಮೂರನೆಯ ಗೆಲುವು.